ಕೊನೆಯ ಪೈಪು

ಇನ್ನು ನೀರಿಗಿಳಿಯಕೂಡದು ಎಂದು ಡಾಕ್ಟರು ಹೇಳಿದ್ದೇ ತಡ, ನಮ್ಮನೆಯವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ವಿದ್ಯುತ್ ಸ್ಥಾವರದಲ್ಲಿ ನೀರೊಳಗೆ ಮುಳುಗಿ ಕೆಲಸ ಮಾಡುವ ಡೈವರ್ ಆಗಿದ್ದವರು. ಅಲ್ಲಿ ಬೇಡವಾದ ಆಳೆತ್ತರದ ಸಿಮೆಂಟ್ ಪೈಪುಗಳನ್ನು ಕಡಲ ತಳದಲ್ಲಿ ಸಾಲಾಗಿ ನಿಲ್ಲಿಸಿ, ಮೀನುಗಳು ನೆಲೆಸಲೆಂದು ಕೃತಕ ಬಂಡೆಸಾಲು ಕಟ್ಟಿದವರು. ಈಗ ಊಟಕ್ಕೆ ಕರೆದರೂ, "ಆ ಕೊನೇ ಪೈಪು ನಿಂತಿದೆಯೋ ಬಿದ್ದಿದೆಯೋ" ಎನ್ನುತ್ತಿದ್ದರು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು.

"ನಾನೇ ನೋಡ್ಕೊಂಡು ಬರ್ತೀನಿ," ಎಂದೆ.

"ನೀನಾ? ಬಕೆಟ್ ನೀರಲ್ಲಿ ಮುಖ ಅದ್ದೋಕೂ ಹೆದರ್ತೀಯ."

ಅಷ್ಟು ಸಾಕಿತ್ತು. ಸ್ಕೂಬಾ ಕಲಿಸುವ ನನ್ನ ತಂಗಿಯ ಮಗಳ ಬೆನ್ನು ಬಿದ್ದೆ. ಮೊದಲ ಸಲ ಕಿವಿಗೆ ಸೂಜಿ ಚುಚ್ಚಿದಂತಾಗಿ ಮೇಲೆ ಬಂದೆ. ಎರಡನೇ ಸಲ ಮಾಸ್ಕಿನೊಳಗೆ ನೀರು ನುಗ್ಗಿ ಅವಳ ತೋಳನ್ನೆಲ್ಲ ಪರಚಿದೆ. "ಬೇಡ ಬಿಡಿ ದೊಡ್ಡಮ್ಮ," ಎಂದಳು. ಬಿಡುವ ಜಾಯಮಾನ ನನ್ನದಲ್ಲ.

ಮೂರನೇ ಸಲ ಇವರನ್ನೂ ಎಬ್ಬಿಸಿ ದೋಣಿ ಹತ್ತಿಸಿದೆ. ದಾರಿ ಬಲ್ಲವರು ಅವರೇ ತಾನೆ?

"ಸ್ಥಾವರದಿಂದ ಬರೋ ನೀರು ಬೆಚ್ಚಗಿರತ್ತೆ, ಮೇಲೇ ಇರತ್ತೆ," ಎಂದರು ಒಲ್ಲದ ಮನಸ್ಸಿನಿಂದ. "ಕಾಲಿಗೆ ತಣ್ಣೀರು ಸಿಗೋವರೆಗೂ ಇಳಿ. ಆಮೇಲೆ ಪೈಪುಗಳನ್ನ ಎಡಗೈಗೆ ಇಟ್ಕೊಂಡು ಹೋಗು."

ಏನೇ ಕಂಡರೂ ಎಲ್ಲ ನಿಂತಿದೆ ಎಂದುಬಿಡಬೇಕು, ಇವರಿಗೆ ನೆಮ್ಮದಿಯಾಗಲಿ ಎಂದು ಆಗಲೇ ತೀರ್ಮಾನಿಸಿದ್ದೆ.

ತಂಗಿಯ ಮಗಳ ಜೊತೆ, ಮೂಗು ಹಿಡಿದು ಊದುತ್ತಾ ಇಳಿದೆ. ಕಿವಿ ಪಟ್ಟೆಂದು ಬಿಟ್ಟುಕೊಂಡಿತು. ಬೆಚ್ಚನೆಯ ನೀರು ಮುಗಿದು ಪಾದ ತಣ್ಣಗಾಯಿತು. ಮಬ್ಬಿನಲ್ಲಿ ಒಂದೊಂದೇ ಪೈಪು ಎದುರಾಯಿತು. ಮೈತುಂಬ ಚಿಪ್ಪು, ಸುತ್ತ ಮೀನಿನ ಹಿಂಡು. ಒಂದು ದಪ್ಪ ಮೀನು ಮನೆಯೊಡತಿಯ ಹಾಗೆ ಬಾಗಿಲಲ್ಲೇ ನಿಂತು ನನ್ನನ್ನು ದುರುಗುಟ್ಟಿ ನೋಡಿತು. ನನ್ನ ಗಂಡ ಕಟ್ಟಿದ ಊರು ಇದು!

ಕೊನೆಯ ಪೈಪು ಬಿದ್ದಿತ್ತು. ಬಾಯಿಗೆ ಮರಳು ಮೆತ್ತಿಕೊಂಡಿತ್ತು. ಅದರ ಹತ್ತಿರ ಒಂದು ಮೀನೂ ಇರಲಿಲ್ಲ.

ನಿಧಾನವಾಗಿ ಮೇಲೇರುವಾಗ ಸುಳ್ಳನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಆಗ ಹೊಳೆಯಿತು: ನೆಮ್ಮದಿಯಾದರೆ ಈ ಮನುಷ್ಯ ಮತ್ತೆ ಗೋಡೆ ಕಡೆಗೇ ತಿರುಗಿ ಮಲಗುತ್ತಾರೆ.

ಅವರು ದೋಣಿಯ ಅಂಚಿಗೆ ಬಗ್ಗಿ ಕಾಯುತ್ತಿದ್ದರು. "ನಿಂತಿದೆಯಾ?"

"ಬಿದ್ದಿದೆ," ಎಂದೆ. ಅವರ ಮುಖ ಸಪ್ಪಗಾಯಿತು. ಆದರೂ ನಾನು ಬಿಡಲಿಲ್ಲ. "ಎತ್ತಬೇಕು. ಹೇಗೆ ಎತ್ತೋದು ಹೇಳ್ಕೊಡಿ."

ಅವರು ಅಂಚು ಬಿಟ್ಟು ನೆಟ್ಟಗೆ ಕೂತರು. ಆಮೇಲೆ, "ಯಾವ ಕಡೆಗೆ ಬಿದ್ದಿದೆ?" ಎಂದರು.

"ದಡದ ಕಡೆಗೆ."

"ಹಾಗಾದ್ರೆ ಮೊದಲು ಮರಳು ತೆಗೀಬೇಕು. ಆಮೇಲೆ ಅದನ್ನ ತೇಲಿಸೋಕೆ ಗಾಳಿಚೀಲ ಕಟ್ಟಬೇಕು. ಅವಸರ ಮಾಡಿದ್ರೆ ಕೆಟ್ಟೆ!" ದಡ ಮುಟ್ಟುವವರೆಗೂ ಅವರ ಬಾಯಿ ನಿಲ್ಲಲಿಲ್ಲ. ತಂಗಿಯ ಮಗಳು ನನ್ನನ್ನು ನೋಡಿ ಕಣ್ಣು ಮಿಟುಕಿಸಿದಳು.

ಮನೆಯಲ್ಲಿ ನಾನು ಕರೆಯುವ ಮೊದಲೇ ಊಟದ ಮೇಜಿಗೆ ಬಂದು ಕೂತರು. ನನ್ನ ಲೋಟವನ್ನು ಅಡ್ಡ ಮಲಗಿಸಿ, ಎರಡು ದಾರ ಕಟ್ಟಿ, ಎತ್ತು ಎಂದರು. ಎತ್ತಿದೆ. ಲೋಟ ಜಾರಿ ಉರುಳಿತು.

"ಇನ್ನೊಂದ್ಸಲ," ಎಂದರು.