ಮೂಲೆ ಮಡಚಿದ ಕಾರ್ಡು

ತಮಿಳು ಸೀಮೆಯ ಕೀಲ್ಪಾಕಿನ ಆ ಚರ್ಚಿನಲ್ಲಿ ಕನ್ನಡದವರಿಗೆ ಸಿಗುವುದು ಬೆಳಿಗ್ಗೆ ಏಳರಿಂದ ಎಂಟೂವರೆ ಮಾತ್ರ. ಒಂಬತ್ತಕ್ಕೆ ತಮಿಳರ ಆರಾಧನೆ. ಹೀಗಾಗಿ ಕನ್ನಡದ ಪಾದ್ರಿ ಜಯಕರ ಸೋನ್ಸರು ನಿತ್ಯಜೀವದ ಬಗ್ಗೆ ಹೇಳುವಾಗಲೂ ಒಂದು ಕಣ್ಣನ್ನು ಗಡಿಯಾರದ ಮೇಲಿಟ್ಟಿರುತ್ತಾರೆ.

ಡಿಸೆಂಬರಿನ ಮೊದಲ ಭಾನುವಾರ ಜಲಜಾಕ್ಷಿಯಮ್ಮ ಪಾದ್ರಿಗಳನ್ನು ಬಾಗಿಲಲ್ಲೇ ಹಿಡಿದು ನಿಲ್ಲಿಸಿದರು.

"ಅಯ್ಯನವರೇ, ದೇವರು ಆರಿಸಿಕೊಂಡವರ ಪೈಕಿ ನಮ್ಮ ಇವರು ಉಂಟಾ ಇಲ್ವಾ?"

ಇವರು ಎಂದರೆ ಗಂಡ ಗಂಗಾಧರಪ್ಪ. ಮಂಗಳೂರಿನ ಕ್ರೈಸ್ತರ ಹುಡುಗಿ, ದಾವಣಗೆರೆಯ ಲಿಂಗಾಯತರ ಹುಡುಗ ಇದೇ ಊರಿನಲ್ಲಿ ರಿಜಿಸ್ಟರ್ ಮದುವೆಯಾಗಿ ನಲವತ್ತೊಂದು ವರ್ಷ. ಅಂದು ಗಂಗಾಧರಪ್ಪ ಒಂದೇ ಕರಾರು ಹಾಕಿದ್ದರು: ನಿನ್ನ ದೇವರಿಗೆ ನಾನು ಅಡ್ಡ ಬರಲ್ಲ, ನನ್ನ ದೇವರಿಗೆ ನೀನು ಕೈ ಹಾಕಬೇಡ. ಅಂದಿನಿಂದ ಪ್ರತಿ ಭಾನುವಾರ ಹೆಂಡತಿಯನ್ನು ಕರೆತಂದು, ತಾವು ವಿಭೂತಿ ಹಚ್ಚಿದ ಹಣೆಯಲ್ಲೇ ಹೊರಗೆ ಬಾದಾಮಿ ಮರದ ಕೆಳಗಿನ ಬೆಂಚಿನಲ್ಲಿ ಪೇಪರು ಓದುತ್ತಾರೆ. ಜೀವ ವಿಮೆಯಲ್ಲಿ ದುಡಿದು ನಿವೃತ್ತರಾದವರು. "ನಂದು ವಿಮೆ, ನಿಂದು ವಿಮೋಚನೆ. ಎರಡೂ ಇತ್ಯರ್ಥ ಆಗೋದು ಕಣ್ಣು ಮುಚ್ಚಿದ ಮೇಲೇ ಬಿಡು" ಎಂದು ನಗುತ್ತಿದ್ದರು. ಈಗ ಆ ನಗೆ ಜಲಜಾಕ್ಷಿಯಮ್ಮನಿಗೆ ಹಿಡಿಸುತ್ತಿರಲಿಲ್ಲ. ಜನವರಿ ಮೂರಕ್ಕೆ ಗಂಡನ ಎದೆ ಸೀಳಿ ಬೈಪಾಸ್ ಮಾಡುವವರಿದ್ದರು.

ಸೋನ್ಸರಿಗೆ ಪೀಠದಿಂದ ಇಳಿದರೂ ಪೀಠದ ಕನ್ನಡ ಇಳಿಯುವುದಿಲ್ಲ. "ಪ್ರಿಯ ಸಹೋದರಿಯೇ, ರಕ್ಷಣೆ ಹೊಂದುವವರು ಯಾರೆಂಬುದು ಸೃಷ್ಟಿಗೆ ಮೊದಲೇ ನಿಶ್ಚಯಿಸಲ್ಪಟ್ಟಿದೆ. ಆದಾಗ್ಯೂ ಕರೆಗೆ ಓಗೊಡುವುದು ಮನುಷ್ಯನ ಇಚ್ಛೆಗೆ ಬಿಡಲ್ಪಟ್ಟಿದೆ."

"ಎರಡೂ ಒಟ್ಟಿಗೆ ಹೇಗೆ ಮಾರಾಯ್ರೆ?"

"ಅದು ರಹಸ್ಯ," ಎಂದ ಸೋನ್ಸರು ಗಡಿಯಾರ ನೋಡಿದರು. ತಮಿಳಿನವರು ಬರತೊಡಗಿದ್ದರು.

ದೇವರು ಕರೆಯಲಿ ಎಂದು ನಲವತ್ತೊಂದು ವರ್ಷ ಕಾದಿದ್ದ ಜಲಜಾಕ್ಷಿಯಮ್ಮ, ಇನ್ನು ಕಾಯಲಾರೆ ಎಂದುಕೊಂಡರು.

ಹೊಸ ವರ್ಷದ ಬೆಳಿಗ್ಗೆ ಆ ಸಭೆಯಲ್ಲಿ ವಾಗ್ದಾನದ ಕಾರ್ಡು ತೆಗೆಯುವ ಪದ್ಧತಿ. ಬೆತ್ತದ ತಟ್ಟೆಯಲ್ಲಿ ಕಾರ್ಡುಗಳನ್ನು ಮಗುಚಿ ಇಟ್ಟಿರುತ್ತಾರೆ. ಪ್ರಾರ್ಥಿಸಿ ಒಂದನ್ನು ಎತ್ತಿದರೆ ಅದರಲ್ಲಿನ ವಾಕ್ಯವೇ ವರ್ಷಪೂರ್ತಿ ದೇವರು ನಿಮಗೆ ಕೊಟ್ಟ ಮಾತು. ಬಾರದವರ ಹೆಸರಿನಲ್ಲೂ ಎತ್ತಬಹುದು. ತಮಿಳಿನಲ್ಲಿ ಅಚ್ಚಾದ ಕಾರ್ಡುಗಳು ಕಟ್ಟುಗಟ್ಟಲೆ ಸಿಗುತ್ತವೆ. ಕನ್ನಡದವು ಸಿಗದ ಕಾರಣ ಪ್ರತಿ ವರ್ಷವೂ ಗಂಗಾಧರಪ್ಪ ರಟ್ಟನ್ನು ಅಳತೆ ಹಿಡಿದು ಕತ್ತರಿಸುತ್ತಾರೆ, ಜಲಜಾಕ್ಷಿಯಮ್ಮ ಮೇಲೊಂದು ಶಿಲುಬೆ ಬಿಡಿಸಿ ವಾಕ್ಯವನ್ನು ದುಂಡಗೆ ಬರೆಯುತ್ತಾರೆ. ಒಟ್ಟು ನೂರಿಪ್ಪತ್ತು.

ಈ ಸಲ ಜಲಜಾಕ್ಷಿಯಮ್ಮ ಒಂದು ಕಾರ್ಡಿನಲ್ಲಿ, ಹೆಸರು ಹಿಡಿದು ಕರೆದು ನೀನು ನನ್ನವನು ಎಂದು ದೇವರು ಹೇಳುವ ವಾಕ್ಯ ಬರೆದು, ಅದರ ಮೂಲೆಯನ್ನು ಉಗುರಿನಷ್ಟು ಮಡಚಿಟ್ಟರು. ಗಂಡನ ಹೆಸರಿನಲ್ಲಿ ಕಣ್ಣು ಮುಚ್ಚಿ ತೆಗೆದರೂ ಬೆರಳಿಗೆ ಅದೇ ಸಿಗಬೇಕು.

ಹೊಸ ವರ್ಷದ ಬೆಳಿಗ್ಗೆ ಅವರ ಸರದಿ ಬಂತು. ಕಣ್ಣು ಮುಚ್ಚಿ ತಟ್ಟೆಗೆ ಕೈ ಹಾಕಿದರು. ಮಡಚಿದ ಮೂಲೆ ಸಿಕ್ಕಿತು. ಪಕ್ಕದ್ದರಲ್ಲೂ ಒಂದು ಮೂಲೆ ಮಡಚಿತ್ತು. ಅದರಾಚೆಯದರಲ್ಲೂ. ಕಣ್ಣು ಬಿಟ್ಟು ನೋಡಿದರೆ ತಟ್ಟೆಯ ತುಂಬ ಕಿವಿ ಮಡಚಿದ ಕಾರ್ಡುಗಳೇ!

ಬರಿಗೈಯಲ್ಲಿ ಬಾದಾಮಿ ಮರದತ್ತ ನಡೆದರು.

"ಕಾರ್ಡುಗಳಿಗೆ ಎಂಥ ಮಾಡಿದ್ರಿ?"

"ಅದಾ? ನಿನ್ನೆ ಕಟ್ಟು ಕಟ್ಟೋವಾಗ ಒಂದರ ಮೂಲೆ ಮಡಚಿತ್ತು ಕಣೇ. ಒಂದು ಹಂಗೆ, ಉಳಿದವು ಹಿಂಗೆ ಇದ್ರೆ ಚೆನ್ನಾಗಿರಲ್ಲ ಅಂತ ಎಲ್ಲಾವ್ನೂ ಮಡಚಿಬಿಟ್ಟೆ. ಡಿಸೈನು ಅಂತ ತಿಳ್ಕೊಳ್ಳಲಿ!"

ಜಲಜಾಕ್ಷಿಯಮ್ಮ ಬೆಂಚಿನ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟರು. ಆರಿಸಿಕೊಂಡವರ ಪಟ್ಟಿ, ಪಾದ್ರಿಗಳ ರಹಸ್ಯ, ತಮ್ಮ ಕಳ್ಳತನ. ಗಂಗಾಧರಪ್ಪ ಎದೆ ಹಿಡಿದುಕೊಂಡು ನಕ್ಕರು.

"ಸಾಕು ನಗೋದು, ಎದೆ!"

"ಅಲ್ವೇ, ನಂಗೊಂದು ಸೀಟು ಹಿಡಿಯೋಕ್ ಹೋಗಿ ಊರಿಗೆಲ್ಲ ರಿಸರ್ವೇಷನ್ ಮಾಡಿಸ್ಬಿಟ್ಯಲ್ಲೇ!"

ಜಲಜಾಕ್ಷಿಯಮ್ಮ ನಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಒಳಗೆ ಬರ್ತೀರಾ?" ಎಂದರು.

ಗಂಗಾಧರಪ್ಪ ಪೇಪರು ಮಡಚಿದರು. "ನಲವತ್ತೊಂದು ವರ್ಷದಲ್ಲಿ ಇವತ್ತೇ ಕೇಳ್ತಿರೋದು ನೀನು."

"ಬೇಡ ಅಂತ ನೀವೇ ಹೇಳಿದ್ದಲ್ವಾ!"

"ಕೈ ಹಾಕಬೇಡ ಅಂದಿದ್ದೆ. ಕರೀಬೇಡ ಅಂದಿದ್ನಾ?"

ವಿಭೂತಿಯ ಹಣೆ ಬಾಗಿಲು ದಾಟಿದಾಗ ಸೋನ್ಸರಿಗೆ ಯಾವ ಕನ್ನಡವೂ ಹೊಳೆಯಲಿಲ್ಲ. ಸುಮ್ಮನೆ ತಟ್ಟೆ ಹಿಡಿದರು. ಗಂಗಾಧರಪ್ಪ ಕಣ್ಣು ಮುಚ್ಚಲೂ ಇಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ನಾಲಿಗೆಯನ್ನು ಹತೋಟಿಯಲ್ಲಿಡಬೇಕೆಂಬ ವಾಕ್ಯ.

"ಇದು ನಿನಗೆ ಬರಬೇಕಿತ್ತು ನೋಡು" ಎಂದರು ಹೆಂಡತಿಗೆ.

ಮುಂದಿನ ಸಾಲಿನವರು ಕಿಸಕ್ಕೆಂದರು. "ಬೇಕಾದ್ರೆ ಇನ್ನೊಂದು ತೆಗೀರಿ" ಎಂದರು ಸೋನ್ಸರು, ಮೊದಲ ಸಲ ಮನೆಯ ಕನ್ನಡದಲ್ಲಿ. ಹೆಸರು ಹಿಡಿದು ಕರೆಯುವ ಆ ಕಾರ್ಡು ತಟ್ಟೆಯಲ್ಲೇ ಎಲ್ಲೋ ಇತ್ತು. ಹುಡುಕಿದರೆ ಸಿಗುತ್ತಿತ್ತು. ಜಲಜಾಕ್ಷಿಯಮ್ಮ ಗಂಡನ ಮುಖ ನೋಡಿದರು.

"ಬೇಡ ಅಯ್ಯನವರೇ. ಅವರು ತೆಗೆದದ್ದು ಅದೇ ಇರಲಿ."

ಮೂರನೆಯ ತಾರೀಖಿನ ಬೆಳಿಗ್ಗೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನರ್ಸಮ್ಮ, ಮೈಮೇಲೆ ಏನೂ ಇರಕೂಡದು ಎಂದಳು. ಗಂಗಾಧರಪ್ಪ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ತೆಗೆದರು. ದಿಂಬಿನ ಕೆಳಗಿನಿಂದ ಕಾರ್ಡನ್ನೂ ತೆಗೆದು ಎರಡನ್ನೂ ಹೆಂಡತಿಯ ಅಂಗೈಯಲ್ಲಿಟ್ಟರು. ಏನೋ ಹೇಳಲು ಬಾಯಿ ತೆರೆದವರು, ಕಾರ್ಡಿನ ನೆನಪಾಗಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಮಿಟುಕಿಸಿದರು. ಸ್ಟ್ರೆಚರು ಒಳಗೆ ಹೋಯಿತು.

ಪಟ್ಟಿ ಹಿಡಿದ ನರ್ಸಮ್ಮ ಕರಡಿಗೆ ನೋಡಿದಳು, ಕಾರ್ಡಿನ ಮೇಲಿನ ಶಿಲುಬೆ ನೋಡಿದಳು, ಯಾವುದು ಅವರದೆಂದು ಗೊತ್ತಾಗದೆ ತಮಿಳಿನಲ್ಲಿ ಕೇಳಿದಳು.

"ಅಮ್ಮಾ, ರೆಂಡುಮೇ ಸಾರೋಡದಾ?"

ಜಲಜಾಕ್ಷಿಯಮ್ಮ ಮುಷ್ಟಿ ಬಿಗಿ ಮಾಡಿದರು.

"ಆಮಾಮ್ಮಾ. ಎರಡೂ ಅವರದೇ."