ಬಂಡೆಯ ಬುಡದ ಕೆಂಪು

ರೆಕ್ಕೆಗಳು ತಿರುಗುತ್ತಿವೆ, ಅವುಗಳನ್ನು ಹಿಡಿದಿಡುವ ನಡು ಇಲ್ಲ, ಕಪ್ಪತಗುಡ್ಡದ ನೆತ್ತಿಯ ಮೇಲೆ ಯಾವುದಕ್ಕೂ ಸೇರದ ಮೂರು ಬಿಳಿ ರೆಕ್ಕೆಗಳು ತಮ್ಮಷ್ಟಕ್ಕೆ ತಾವೇ ಸುತ್ತುತ್ತಿವೆ, ಏನನ್ನು ಸುತ್ತುತ್ತಿವೆ — ಚನ್ನಬಸವಣ್ಣ ಕಣ್ಣನ್ನು ಬಲಕ್ಕೆ ಸರಿಸಿದ, ಗಾಳಿಯಂತ್ರದ ಕಂಬ ಬಂತು, ನಡು ಬಂತು, ಈಗ ಬಲಗಡೆಯ ಆಕಾಶದಲ್ಲಿ ತೂತು, ಅಲ್ಲಿ ಹಾರುತ್ತಿದ್ದ ಹದ್ದು ತೂತಿನೊಳಗೆ ಹೋಯಿತು, ಆಚೆ ಕಡೆಯಿಂದ ಹೊರಬಂತು, ನೋಟ ಎಲ್ಲಿ ಊರುತ್ತದೋ ಅಲ್ಲಿಯೇ ಲೋಕ ಅಳಿಸಿಹೋಗುತ್ತದೆ, ನೋಡದೆ ಬಿಟ್ಟದ್ದು ಮಾತ್ರ ಕಾಣುತ್ತದೆ, ಇದೆಂಥ ನ್ಯಾಯ, ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಅಷ್ಟು ಮೆತ್ತಗೆ ಹೇಳಿದ್ದರು, ಕಣ್ಣಿನ ಒಳಗಿನ ಪರದೆಯ ನಡುಭಾಗ ಸವದೈತ್ರಿ, ಹೊಸಾದು ಹಾಕಾಕ ಬರಂಗಿಲ್ಲ, ಓರೆಗಣ್ಣಿಲೆ ನೋಡೂದು ರೂಢಿ ಮಾಡ್ಕೋರಿ, ಅಂಚು ಸದ್ಯ ಉಳದೈತಿ, ಮುಂದಿಂದು ಹೇಳಾಕಾಗಂಗಿಲ್ಲ — ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ತೋಳು ಹಿಡಿದಿದ್ದ ಹೆಂಡತಿ ಸಿದ್ದಲಿಂಗವ್ವ ನಕ್ಕಿದ್ದಳು, ಅಯ್ಯ, ಓರೆಗಣ್ಣಿಲೆ ನೋಡೂದು ಮದುವಿಯಾದ ಹೊಸದಾಗ ಕಲೀಬೇಕಿತ್ರಿ, ಈಗ ನೋಡಿ ಏನ ಮಾಡ್ತೀರಿ. ಆ ನಗುವನ್ನು ನೋಡಲೆಂದು ಅವನು ತಿರುಗಿದ, ನಗು ಇರಬೇಕಾದಲ್ಲಿ ಒಂದು ಹಿಡಿ ಬೂದಿ ಒತ್ತಿದ ಹಾಗಿತ್ತು, ಸುತ್ತ ತಲೆ ತುಂಬ ಹೊದ್ದ ಕೆಂಪು ಸೆರಗು, ಸೆರಗಿನ ಅಂಚಿನಲ್ಲಿ ಒಂದು ಬೆಂಡೋಲೆ, ಕೊರಳ ಗುಂಡಿನ ಸರ, ಒಳಗೆ ಯಾರೂ ಇಲ್ಲ, ಮೆಟ್ಟಿಲ ಮೇಲೆ ನಿಂತೇ ಅವನಿಗೆ ಹೊಳೆಯಿತು, ಇಷ್ಟು ವರ್ಷ ಕ್ಯಾಮೆರಾ ಹಿಡಿದೂ ಈ ಮುಖದ ಒಂದು ಚಿತ್ರವನ್ನೂ ತಾನು ತೆಗೆದಿಲ್ಲ, ಒಂದನ್ನೂ, ಅಂಚು ಹೋಗುವ ಮೊದಲು ತೆಗೆಯಬೇಕು, ಗೋಡೆಯಷ್ಟು ದೊಡ್ಡದು ಮಾಡಿಸಬೇಕು, ಆಗ ಓರೆಗಣ್ಣಿನಲ್ಲಿ ಹುಬ್ಬನ್ನು ಬೇರೆ, ತುಟಿಯನ್ನು ಬೇರೆ, ಗದ್ದವನ್ನು ಬೇರೆ ಓದಿ ಕೂಡಿಸಿಕೊಳ್ಳಬಹುದು, ಬಂಡೆಯನ್ನು ಓದುವ ಹಾಗೆ, ಸೀಳಿನಿಂದ ಸೀಳಿಗೆ.

ಬಂಡೆಯನ್ನು ಓದಬಲ್ಲೆ, ಅದೊಂದು ಬಲ್ಲೆ, ಈಗ ಎದುರಿಗಿರುವ ಇದು ಕಬ್ಬಿಣದ ತುಕ್ಕಿನ ಬಣ್ಣದ್ದು, ನೆತ್ತಿಯಿಂದ ಬುಡಕ್ಕೆ ಸಿಡಿಲು ಬರೆದಂಥ ಬಿರುಕು, ಬಿರುಕಿನಲ್ಲಿ ಬೇರಿಳಿಸಿದ ಒಂದು ಬಡಕಲು ಆಲ, ಎತ್ತರ ಮೂವತ್ತು ಸಿದ್ದಲಿಂಗವ್ವ — ಹೌದು, ಅವನ ಅಳತೆಯೇ ಅದು, ಅಡಿಯಲ್ಲ, ಮೀಟರಲ್ಲ, ಗಂಡಿಕೋಟೆಯ ಕಮರಿ ಐವತ್ತು ಸಿದ್ದಲಿಂಗವ್ವ, ಮಲ್ಪೆಯಾಚೆಯ ದ್ವೀಪದ ಕಂಬಗಲ್ಲು ನಾಲ್ಕು, ಜೈಸಲ್ಮೇರಿನ ಮರಳದಿಬ್ಬಕ್ಕೆ ಅಳತೆಯೇ ಇಲ್ಲ, ಅದು ರಾತ್ರಿ ಕಳೆದರೆ ಬೇರೆ ದಿಬ್ಬ. ಗದಗಿನ ಛಾಪಖಾನೆಯವರು ಪ್ರತಿವರ್ಷ ಕ್ಯಾಲೆಂಡರಿಗೆ ಅವನ ಚಿತ್ರಗಳನ್ನು ಕೊಳ್ಳುತ್ತಿದ್ದರು, ಮೊದಲ ವರ್ಷ ಅದರ ಮಾಲೀಕ ಚಿತ್ರವನ್ನು ಬೆಳಕಿಗೆ ಹಿಡಿದು ಮೂಗು ಮುರಿದ, ಗುಡ್ಡ ಚಲೋ ಐತ್ರಿ ಚನ್ನಬಸವಣ್ಣಾರ, ಖರೆ ಎಷ್ಟು ದೊಡ್ಡದು ತಿಳಿಯವಲ್ದು, ಇಟ್ಟಂಗಿ ಚೂರು ಅಂದ್ರೂ ನಂಬಬೇಕು, ಬುಡಕ್ಕ ಒಂದ ಮನಿಶ್ಯಾನ್ನ ನಿಂದರಸ್ರಿ. ಬುಡಕ್ಕೆ ಯಾರನ್ನು ನಿಲ್ಲಿಸುವುದು, ರೊಟ್ಟಿಯ ಗಂಟು ಹಿಡಿದು ಜೊತೆಗೆ ಬಂದವಳು ಒಬ್ಬಳೇ, ಕೆಂಪು ಇಳಕಲ್ ಸೀರೆ ಉಡು, ಕಲ್ಲಿನ ಮುಂದೆ ಕೆಂಪು ಎದ್ದು ಕಾಣುತ್ತದೆ, ಹೋಗಿ ನಿಲ್ಲು, ಇನ್ನೂ ಆಚೆ, ಇನ್ನೂ — ಅವಳು ಇತ್ತ ಮುಖ ಮಾಡಿ ನಕ್ಕಳು, ನಕ್ಕಿದ್ದಳಲ್ಲವೆ, ಅವನೇ ಅಲ್ಲವೆ ಕೂಗಿದ್ದು, ಏ, ಮಾರಿ ಬ್ಯಾಡ, ಮಾರಿ ಕಂಡ್ರ ಮಂದಿ ಮಾರೀನ ನೋಡ್ತಾರ, ಕಲ್ಲು ನೋಡಂಗಿಲ್ಲ, ಬೆನ್ನು ಮಾಡು. ಅವಳು ಬೆನ್ನು ಮಾಡಿದಳು. ಕಲ್ಲು ಒಮ್ಮೆಗೇ ಆಕಾಶಕ್ಕೆ ಬೆಳೆಯಿತು, ಬುಡದಲ್ಲಿ ಜೋಳದ ಕಾಳಿನಷ್ಟು ಕೆಂಪು.

ಆಮೇಲೆ ಕೂಗುವುದೂ ಬೇಕಾಗಲಿಲ್ಲ, ಕಡಲ ಅಲೆಯ ಸದ್ದಿನಲ್ಲಿ ಕೂಗು ಮುಟ್ಟದೆಂದು, ತಿರುಗಿ ನಿಲ್ಲು ಎಂಬಂತೆ ತಲೆಯ ಮೇಲೆ ಕೈ ಎತ್ತಿ ಗಿರಕಿ ಹೊಡೆಸಿದರೆ ಸಾಕು, ಇನ್ನೂ ಕೆಲವು ವರ್ಷಕ್ಕೆ ಗಿರಕಿಯೂ ಬೇಕಾಗಲಿಲ್ಲ, ಅವನು ಮೂರುಕಾಲಿನ ಸ್ಟ್ಯಾಂಡ್ ಬಿಚ್ಚುವಷ್ಟರಲ್ಲಿ ಅವಳು ಬುಡ ಸೇರಿ ಬೆನ್ನು ಮಾಡಿ ನಿಂತಿರುತ್ತಿದ್ದಳು, ಹಸು ತನ್ನ ಗೂಟಕ್ಕೆ ತಾನೇ ಹೋಗಿ ನಿಲ್ಲುವಂತೆ — ಛೇ, ಎಂಥ ಹೋಲಿಕೆ, ಇಷ್ಟು ಕಾಲ ಕವಿತೆ ಓದಿದವನ ಬಾಯಿಗೆ ಹೆಂಡತಿಗೆಂದು ಬಂದ ಹೋಲಿಕೆ ಇದು. ಮಲ್ಪೆಯ ಕಂಬಗಲ್ಲಿನ ಬಳಿ ಅವಳು ಕಡಲಿಗೆ ಮುಖ ಮಾಡಿ ಏನೋ ಅಂದಿದ್ದಳು, ಹೆಗಲು ಅಲುಗಿದ್ದು ಕ್ಯಾಮೆರಾದ ಕಿಂಡಿಯಲ್ಲಿ ಕಂಡಿತ್ತು, ಮಾತು ಕೇಳಲಿಲ್ಲ, ದೋಣಿಯಲ್ಲಿ ಕುಳಿತಾಗ ಕೇಳಿದ, ಆಗ ಏನಂದಿ, ಏನಿಲ್ಲ ಬಿಡ್ರಿ, ಕಲ್ಲಿನ ಚಿಪ್ಪಿಗೆ ಕೊಯ್ದ ಪಾದಕ್ಕೆ ಅವಳು ಸೆರಗಿನ ತುದಿ ಸುತ್ತುತ್ತಿದ್ದಳು, ಕೆಂಪಿಗೆ ಕೆಂಪು, ಕಾಣಲೇ ಇಲ್ಲ. ಜೈಸಲ್ಮೇರಿನಲ್ಲಿ ಅಂದದ್ದು ಕೇಳಿತ್ತು, ಇದಕ್ಯಾಕ ಇಷ್ಟು ದೂರ ಬಂದ್ವಿ, ನಮ್ಮ ಯಳವತ್ತಿ ಎರಿಹೊಲ ಸೋಸಿ ಹಾಸಿದಂಗ ಐತಿ ಬಿಡ್ರಿ. ತವರನ್ನು ಅವಳು ಮರಳಿನಲ್ಲಿ ಕಂಡಿದ್ದಳು, ಅವನು ಬೆನ್ನನ್ನು ಕಂಡಿದ್ದ, ಲಕ್ಷ್ಮೇಶ್ವರದ ಬಟ್ಟೆಯಂಗಡಿಯಲ್ಲಿ, ಶಿರಹಟ್ಟಿಯ ಕಾಳಿನ ಅಡತಿ ಅಂಗಡಿಯಲ್ಲಿ ಕ್ಯಾಲೆಂಡರಾಗಿ ವರ್ಷವರ್ಷವೂ ತೂಗಿದ ಬೆನ್ನು, ಅಡತಿಯವನ ತಾಯಿ ಆ ಕೆಂಪು ಚುಕ್ಕೆಯನ್ನು ಗುಡ್ಡದವ್ವ ಅಂದುಕೊಂಡು ಅದರ ಮೇಲೆ ದಿನಾ ಕುಂಕುಮ ಹಚ್ಚಿ ಹಚ್ಚಿ ವರ್ಷದ ಕೊನೆಗೆ ಅಲ್ಲೊಂದು ಗಂಟು ಕಟ್ಟಿತ್ತು, ಸಿದ್ದಲಿಂಗವ್ವನಿಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದು ನಕ್ಕಳು, ನೀವಂತೂ ಕೈ ಮುಗೀಲಿಲ್ಲ, ಯಾರರೇ ಮುಗದ್ರಲ್ಲ. ಹೇಗೆ ನಕ್ಕಳು. ಹಲ್ಲು ಕಂಡವೆ, ಕಣ್ಣು ಮುಚ್ಚಿಹೋದವೆ, ಕೆನ್ನೆಯಲ್ಲಿ ಗುಳಿ ಬಿತ್ತೆ, ದನಿ ಇದೆ, ದನಿ ಮಾತ್ರ ಇದೆ.

ಇವತ್ತು ಬೆಳಿಗ್ಗೆ ಬೆಟಗೇರಿಯ ಮನೆಯಲ್ಲಿ ಹೇಳಲಾಗಲಿಲ್ಲ, ನಿನ್ನ ಮುಖ ಬೇಕು ಎಂದು ಈ ವಯಸ್ಸಿನಲ್ಲಿ ಯಾವ ಬಾಯಿಂದ ಹೇಳುವುದು, ಕಪ್ಪತಗುಡ್ಡಕ್ಕ ಹೋಗೂನು ನಡಿ ಅಂದ, ಅಷ್ಟೇ ಅಂದ, ಅವಳು ಟ್ರಂಕಿನಿಂದ ಕೆಂಪು ಸೀರೆ ತೆಗೆದಳು. ಮುಂಡರಗಿಯ ಬಸ್ ನಿಲ್ದಾಣದಲ್ಲಿ ಹತ್ತಿದ ಆಟೋದ ಇಲಿಯಾಸ, ಬಾಯಿತುಂಬ ಮಾತಿನ ಮನುಷ್ಯ, ಏರಿನುದ್ದಕ್ಕೂ ಕೆಣಕಿದ, ಅಲ್ರೀ ಕಾಕಾರ, ಈ ಬಿಸಲಾಗ ಅವ್ವಾರ್ನ ಗುಡ್ಡ ಹತ್ತಸ್ತೀರಲ್ಲ, ಮುಂಡರಗ್ಯಾಗ ಸ್ಟುಡಿಯೋ ಇಲ್ಲೇನ್ರಿ, ಹಿಂದ ಸಮುದ್ರದ ಪರದಾ ಇಳಿಬಿಟ್ಟು ಫ್ಯಾನ್ ಹಚ್ಚಿ ಜಲ್ದಿ ಮುಗಿಸಿ ಕಳಸ್ತಾರ. ಸಿದ್ದಲಿಂಗವ್ವ ಅಂದಳು, ಇವರಿಗಿ ಕಲ್ಲು ಬೇಕಪಾ, ಕಲ್ಲಿಲ್ಲಂದ್ರ ಹೆಂಡ್ತಿ ಕಾಣಂಗಿಲ್ಲ. ಇಲಿಯಾಸ ಗಹಗಹಿಸಿದ, ಆಟೋ ಕುಲುಕಿತು, ಚನ್ನಬಸವಣ್ಣನೂ ನಕ್ಕ, ಎದೆಯೊಳಗೆ ಒಂದು ಕಲ್ಲು ಜಾರಿ ಇನ್ನೊಂದರ ಮೇಲೆ ಕುಳಿತಿತು. ಈಗ ಆಟೋ ಕೆಳಗೆ ತಿರುವಿನಲ್ಲಿದೆ, ಇಲಿಯಾಸ ಪಕ್ಕದಲ್ಲಿ ಕಾಲು ಚಾಚಿ ಮೊಬೈಲು ನೋಡುತ್ತಿದ್ದಾನೆ, ಬಂಡೆಯ ಬುಡದ ಹಾಸುಗಲ್ಲಿನ ಮೇಲೆ ಅವಳು, ಅವಳನ್ನು ಕೂರಿಸಿ ಬಂದದ್ದು ಅವನೇ, ಇವತ್ತು ದೂರವಿಲ್ಲ, ಹತ್ತಿರವೇ ಸ್ಟ್ಯಾಂಡ್ ಊರಿದ್ದಾನೆ, ಇವತ್ತು ಬಂಡೆ ಹಿಂದಿನ ಪರದೆ ಮಾತ್ರ, ಬೆಳಕು ಎದುರಿನ ಇಳಿಜಾರಿಗೆ ಬಡಿದು ಹೊರಳಿ ಮೆತ್ತಗಾಗಿ ಅವಳ ಮೇಲೆ ಬೀಳುತ್ತಿದೆ, ಮುಖಕ್ಕೆಂದೇ ಸೋಸಿದ ಬೆಳಕು, ಇಂಥ ಬೆಳಕನ್ನು ಎಷ್ಟು ಕಲ್ಲುಗಳಿಗೆ ಸುರಿದುಬಿಟ್ಟೆ. ಕಿಂಡಿಗೆ ಕಣ್ಣಿಟ್ಟ. ನಡುವೆ ಬೂದಿ, ಸುತ್ತ ಹೊದ್ದ ಸೆರಗಿನ ಕೆಂಪು ಕಮಾನು, ಕೆಳಗೆ ಹೆಗಲು, ಒತ್ತಿದ, ಕ್ಯಾಮೆರಾ ತಾನೇ ಹುಡುಕಿ ತಾನೇ ಹಿಡಿಯುತ್ತದೆ, ಈಗಿನ ಕ್ಯಾಮೆರಾಕ್ಕೆ ಕಣ್ಣಿನ ಹಂಗಿಲ್ಲ, ಗದ್ದ ಸ್ವಲ್ಪ ಎತ್ತು ಅಂದ, ಗಾಳಿ ಮಾತನ್ನು ಎತ್ತಿಕೊಂಡು ಹೋಯಿತು, ಕೆಂಪು ಅಲುಗಲಿಲ್ಲ, ಇರಲಿ, ಇದ್ದ ಹಾಗೇ ಇರಲಿ, ಒತ್ತಿದ, ನಗು ಅಂದ, ಒತ್ತಿದ, ಒತ್ತಿದ, ಒಂದೊಂದು ಸದ್ದಿಗೂ ಒಂದು ಮುಖ ಪೆಟ್ಟಿಗೆಯೊಳಗೆ ಬಿದ್ದಂತೆ, ನಗುವ ಮುಖ, ಬಿಸಿಲಿಗೆ ಕಿರಿದಾದ ಕಣ್ಣಿನ ಮುಖ, ಯಾವಾಗ ಮುಗಿಸ್ತಾರೋ ಎಂಬ ಮುಖ, ಸಾಕಷ್ಟು ಸಿಕ್ಕಿತು, ಸಾಯುವವರೆಗೆ ಓದುವಷ್ಟು ಸಿಕ್ಕಿತು, ಸ್ಕ್ರೀನನ್ನು ಪಕ್ಕಕ್ಕೆ ತಿರುಗಿಸಿದ, ನೋಡಪಾ ಇಲಿಯಾಸ, ಹೆಂಗ ಬಂದಾವ ನೋಡು.

ಇಲಿಯಾಸ ಅಂಗೈಯ ನೆರಳು ಮಾಡಿ ಸ್ಕ್ರೀನಿಗೆ ಬಾಗಿದ, ಭಾರಿ ಬಂದಾವ್ರಿ ಕಾಕಾರ, ಕಲ್ಲಿನ ಬಣ್ಣ ಅಂತೂ — ಆಮೇಲೆ ಒಂದೊಂದಾಗಿ ಚಿತ್ರ ಸರಿಸುವ ಕಿಟ್ ಕಿಟ್, ಕಾಕಾರ, ಸಿಟ್ಟಾಗಬ್ಯಾಡ್ರಿ, ಅವ್ವಾರು ಬೆನ್ನು ಮಾಡಿ ಕುಂತಾರಲ್ರಿ. ಯಾವುದ್ರಾಗ. ಎಲ್ಲಾದ್ರಾಗೂ. ಗಾಳಿಯಂತ್ರ ತಿರುಗುವ ಗುಂಯ್ ಸದ್ದು ಈಗ ಮೊದಲ ಸಲ ಕೇಳಿತು, ಮುಂದಿನಿಂದಲೂ ಹಿಂದಿನಿಂದಲೂ ಹೊದ್ದ ಸೆರಗಿಗೆ ಒಂದೇ ಆಕಾರ, ಕೂರಿಸಿ ಬಂದ ಮೇಲೆ ಅವನು ಸ್ಟ್ಯಾಂಡಿನತ್ತ ಹೆಜ್ಜೆ ಹಾಕುತ್ತಿದ್ದಾಗ ಅವಳು ತಿರುಗಿರಬೇಕು, ಹೇಳಿಸಿಕೊಳ್ಳದೆ, ಎಂದಿನಂತೆ, ಇಷ್ಟು ಹೊತ್ತು ಬೆನ್ನಿಗೆ ನಗು ಅನ್ನುತ್ತಿದ್ದೆ, ಬೆನ್ನಿಗೆ ಗದ್ದ ಎತ್ತು ಅನ್ನುತ್ತಿದ್ದೆ. ಕಲ್ಲು ಎಡವುತ್ತ ಹೋದ, ಕೆಂಪು ದೊಡ್ಡದಾಗುತ್ತ ಬಂತು, ಇಷ್ಟು ಹತ್ತಿರ ಈ ಬೆನ್ನನ್ನು ಎಂದೂ ನೋಡಿರಲಿಲ್ಲ, ಏ, ಇಲ್ಲಿ ಹೊಳ್ಳು, ಅವಳು ಹೊರಳಿದ್ದು ಬಳೆಯ ಸದ್ದಿನಲ್ಲಿ ತಿಳಿಯಿತು, ಮುಗೀತೇನ್ರಿ, ಈ ಸಲ ಭಾಳ ಹೊತ್ತು ಹಿಡೀತು. ಇವತ್ತ ಮಾರಿ ಬೇಕಾಗಿತ್ತು ಅಂದ. ಮಾರಿ? ಯಾರ ಮಾರಿ? ನಿನ್ನ ಮಾರಿ. ಬೂದಿಯೊಳಗೆ ಏನು ನಡೆಯುತ್ತಿದೆಯೋ, ಯಾರಿಗಿ ತೋರಸಾಕ್ರಿ ಅಂದಳು, ನನಗ ಅಂದ, ನಾ ನೋಡಾಕ. ಆಮೇಲೆ ಬಂದ ದನಿಯಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ತಡೆಯಬಹುದಿತ್ತು, ಯಾರೋ ಅಪರಿಚಿತರ ಮುಂದೆ ನಾಚಿದ ಹೆಣ್ಣಿನ ದನಿ, ನನಗ ಮಾರಿ ಹೆಂಗ ಇಟ್ಕೋಬೇಕು ತಿಳಿಯಂಗಿಲ್ರೀ, ಬೆನ್ನಾದ್ರ ರೂಢಿ ಐತಿ.

ಇಟ್ಟುಕೊಂಡಳು, ಹೇಗಿಟ್ಟುಕೊಂಡಳೋ, ಅವನು ಸ್ಟ್ಯಾಂಡಿಗೆ ಮರಳಿ ಒತ್ತಿದ, ಇಲಿಯಾಸ ಈ ಸಲ ಕೂಗಿದ, ಬಂತ್ರಿ ಕಾಕಾರ, ಮಾರಿ ಬಂತು, ಏನ್ ಚಂದ ಬಂದಾರ ಅವ್ವಾರು. ನಗಾಕತ್ತಾಳೇನು? ಇಲಿಯಾಸ ತಡವರಿಸಿದ, ನಗಾಕತ್ತಾರ... ಅಲ್ಲ, ಬಿಸಲಿಗೆ ಹಂಗ ಕಾಣ್ತೈತೋ, ನೀವ ನೋಡ್ರಿ, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಕ್ಯಾಮೆರಾವನ್ನು ಅವನ ಕಣ್ಣಿನ ಬದಿಗೆ ತಂದು ಹಿಡಿದ. ಚನ್ನಬಸವಣ್ಣ ಓರೆಯಾಗಿ ನೋಡಿದ, ಒಂದು ಹುಬ್ಬು, ಬಿಳಿಯ ಎಳೆ ಬೆರೆತದ್ದು, ಸರಿಸು, ವಿಭೂತಿಯ ಪಟ್ಟೆಯ ತುದಿ, ಸರಿಸು, ತುಟಿಯ ಒಂದು ಮೂಲೆ, ಮೇಲಕ್ಕೋ ಕೆಳಕ್ಕೋ, ಸರಿಸು, ಗದ್ದದ ಮೇಲೊಂದು ಮಚ್ಚೆ, ಇದು ಯಾವಾಗಿನಿಂದ ಇತ್ತು, ಹುಬ್ಬನ್ನು ಹಿಡಿದು ತುಟಿಗೆ ಬಂದರೆ ಹುಬ್ಬು ಜಾರುತ್ತದೆ, ತುಟಿಯನ್ನು ಹಿಡಿದು ಮಚ್ಚೆಗೆ ಇಳಿದರೆ ತುಟಿ ಜಾರುತ್ತದೆ, ಬಂಡೆಯ ಚೂರುಗಳು ಕೂಡುತ್ತವೆ, ಏಕೆಂದರೆ ಅದರ ಇಡಿಯೊಂದು ನನ್ನೊಳಗೆ ಮೊದಲೇ ಇದೆ, ಗಂಡಿಕೋಟೆ ಇದೆ, ಕಂಬಗಲ್ಲು ಇದೆ, ಎಲ್ಲ ಇದೆ, ಮುಖದ ಈ ಚೂರುಗಳಿಗೆ ಒಳಗೆ ಇಡಿ ಇಲ್ಲ, ಹುಡುಕು, ಮದುವೆಯ ಹಂದರದಲ್ಲಿ ತಗ್ಗಿಸಿದ ತಲೆ, ಬಾಸಿಂಗದ ಮುತ್ತುಗಳು, ಹುಡುಕು, ಒಲೆಯ ಮುಂದೆ, ಬೆನ್ನು, ಬಸ್ಸಿನ ಕಿಟಕಿಯಲ್ಲಿ, ಕಿವಿ, ದೋಣಿಯಲ್ಲಿ, ಪಾದಕ್ಕೆ ಬಾಗಿದ ಸೆರಗು, ಇಲಿಯಾಸ ಕಂಡ, ಇಷ್ಟು ಹೊತ್ತಿನ ಪರಿಚಯದ ಇಲಿಯಾಸ ಇಡಿಯಾಗಿ ಕಂಡ, ಇನ್ನು ಯಾರು ಬೇಕಾದರೂ ಅವಳನ್ನು ಕಾಣುತ್ತಾರೆ, ಅವಳು ಹತ್ತಿರ ಬಂದು ತೋಳು ಹಿಡಿದಿದ್ದಾಳೆ, ಉಸಿರು ಕೆನ್ನೆಗೆ ತಾಗುತ್ತಿದೆ, ಕಂಡಿತೇನ್ರಿ ಎಂದು ಕೇಳುತ್ತಿದ್ದಾಳೆ, ಕಂಡಿತು ಅನ್ನಬೇಕು, ಕಂಡಿತು ಅನ್ನು, ಕಣ್ಣು ಮುಚ್ಚಿಕೊಂಡ, ಮುಚ್ಚಿದರೆ ಬೂದಿಯಿಲ್ಲ, ಮುಚ್ಚಿದ ಕಣ್ಣಿನೊಳಗೆ ಎಲ್ಲವೂ ನಿಚ್ಚಳ, ನೀಲಿ ಬಳಿದ ಆಕಾಶ, ಎದ್ದು ನಿಂತ ಬಂಡೆ, ಬುಡದಲ್ಲಿ ಕೆಂಪು ಸೀರೆಯ ಬೆನ್ನು, ತಿರುಗು, ಬೆನ್ನು, ತಿರುಗು, ಬಂಡೆಯ ಬುಡದಲ್ಲಿ ಕೆಂಪು ಸೀರೆಯ ಬೆನ್ನು