ಒಂಬತ್ತನೇ ನಂಬರಿನ ಬೆಣೆ

"ಮೂರು ಕೈ ಇದ್ವೇನಮ್ಮ ನಿಂಗೆ?"

ಕಂಪನಿ ವಕೀಲನ ಈ ಪ್ರಶ್ನೆಗೆ ಪರಿಹಾರದ ಕಚೇರಿಯ ಗುಮಾಸ್ತ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಚೂಟಿ ನಗಲಿಲ್ಲ. ಅವಳ ಎಡಗೈ ಮಣಿಕಟ್ಟಿನ ಮೇಲಕ್ಕೇ ಮುಗಿದುಹೋಗಿ ಏಳು ತಿಂಗಳಾಗಿತ್ತು. ಉಳಿದ ಮೊಂಡನ್ನು ಸೆರಗಿನೊಳಗೆ ಇನ್ನಷ್ಟು ಎಳೆದುಕೊಂಡಳು. ಡಬ್ಬಿಗಳಿಗೆ ತಗಡಿನ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪ್ರೆಸ್ಸಿನ ಮುಂದೆ ಕೂತವಳು ಅವಳು. ಅಷ್ಟು ಬೇಗ ಕೈ ಆಡಿಸುವವರು ಇನ್ನೊಬ್ಬರಿರಲಿಲ್ಲವೆಂದು ಚೂಟಿ ಅಂತ ಹೆಸರಿಟ್ಟವನು ಮೇಸ್ತ್ರಿಯೇ.

"ಹೇಳಮ್ಮ. ಪ್ರೆಸ್ಸಿಗೆ ಎರಡು ಬಟನ್. ಎರಡನ್ನೂ ಒಟ್ಟಿಗೆ ಒತ್ತಿದ್ರೆ ಮಾತ್ರ ಮೇಲಿನ ಅಚ್ಚು ಇಳಿಯೋದು. ನಿನ್ನ ಎರಡು ಕೈಯೂ ಬಟನ್ ಮೇಲಿದ್ರೆ ಅಚ್ಚಿನ ಕೆಳಗೆ ಸಿಕ್ಕಿದ್ದು ಯಾರ ಕೈ?"

"ಒಂದು ಬಟನ್‌ಗೆ ಬೆಣೆ ಹೊಡ್ದಿರ್ತೀವಿ ಸ್ವಾಮಿ. ಅದು ಒತ್ತಿದ ಹಾಗೇ ಇರುತ್ತೆ. ಬಲಗೈಲಿ ಇನ್ನೊಂದು ಒತ್ತೋದು, ಎಡಗೈಲಿ ತಗಡು ಇಡೋದು, ತೆಗೆಯೋದು."

"ಬೆಣೆ ಹೊಡೆದೋರು ಯಾರು?"

"ನಾನೇ. ಎಲ್ರೂ ಹೊಡೀತಾರೆ. ಮೇಸ್ತ್ರೀನೇ ಕೊಡೋದು..."

"'ನಾನೇ' ಅಂದಳು, ಬರ್ಕೊಳಿ ಸಾರ್. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದು ಕಂಪನಿ ಹತ್ರ ದುಡ್ಡು ಕೇಳ್ತಿದಾಳೆ."

ಮೇಸ್ತ್ರಿಯನ್ನು ಕರೆಸಿದರು. ಅವನು ಶರಟಿನ ಗುಂಡಿ ಕತ್ತಿನವರೆಗೂ ಹಾಕಿಕೊಂಡು ಬಂದಿದ್ದ. "ಬೆಣೆನಾ? ಬಾಗಿಲಿಗೆ ಹಾಕೋದು ನೋಡಿದೀನಿ ಸಾರ್. ಪ್ರೆಸ್ಸಿಗೆ ಹಾಕೋದನ್ನ, ನನ್ನ ಮಕ್ಕಳಾಣೆ, ಇವತ್ತೇ ಕೇಳಿದ್ದು" ಅಂದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಇವನಿಂದಲೇ ಕಲಿತಿರಬೇಕು.

ಪರಿಹಾರ ತೀರ್ಮಾನಿಸುವ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನಾನೇ ಬಂದು ಮಿಷಿನ್ ನೋಡ್ತೀನಿ. ಬೆಣೆ ಕಂಪನಿಯೇ ಹಾಕಿಸ್ತಿತ್ತು ಅಂತ ಗೊತ್ತಾದ್ರೆ ಪರಿಹಾರ. ನಿಂದೇ ಕಿತಾಪತಿ ಆಗಿದ್ರೆ ಮನೆಗೆ ಹೋಗಮ್ಮ."

ಹೊರಗೆ ಮೆಟ್ಟಿಲ ಮೇಲೆ ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಂದ. "ಕೈ ಹೋಯ್ತು ಅಂತ ನಾಲಿಗೆ ಉದ್ದ ಮಾಡ್ಕೊಂಡಿದೀಯೇನೇ ಮುಂಡೆ? ನಿನ್ನ ನಾದಿನಿ ಇನ್ನೂ ನನ್ನ ಕೈಕೆಳಗೇ ಇದಾಳೆ. ಇಬ್ರೂ ಸೇರಿ ಮಣ್ಣು ತಿನ್ನೋ ಹಾಗೆ ಮಾಡ್ತೀನಿ, ನೋಡ್ತಿರು."

ಚೂಟಿಯ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಗಂಡನ ತಂಗಿ. ಇದ್ದದ್ದು ಒಂದೇ ಕೋಣೆ, ಈಗ ಒಂದೇ ಸಂಬಳ. ಅತ್ತಿಗೆಯ ಕೈ ಹೋದ ಮೂರನೇ ದಿನ ಬೇರೆ ಪ್ರೆಸ್ಸಿನಲ್ಲಿದ್ದ ನಾದಿನಿಯನ್ನು ಅದೇ ಕೈ ತಿಂದ ಒಂಬತ್ತನೇ ನಂಬರಿನ ಪ್ರೆಸ್ಸಿಗೆ ಕೂರಿಸಿದ್ದರು.

ಅಧಿಕಾರಿ ಬರುವ ದಿನ ಬೆಳಿಗ್ಗೆ ನಾದಿನಿ ಎಂದಿನಂತೆ ಅತ್ತಿಗೆಯ ಜಡೆ ಹೆಣೆಯಲು ಕೂತಳು. ಒಂದು ಕೈಯಲ್ಲಿ ಏನೆಲ್ಲ ಮಾಡಲು ಕಲಿತಿದ್ದರೂ ಜಡೆ ಮಾತ್ರ ಚೂಟಿಗೆ ಒಲಿದಿರಲಿಲ್ಲ.

"ಅವ್ರು ಕೇಳಿದ್ರೆ ಏನ್ ಹೇಳ್ತೀಯೆ?"

ಕೂದಲು ಸ್ವಲ್ಪ ಬಿಗಿಯಾಯಿತು.

"ನಿನ್ನನ್ನೇ ಕೇಳಿದ್ದು."

"ಮೇಸ್ತ್ರಿ ನಿನ್ನೆ ಕೆಲಸ ಬಿಡೋವಾಗ ಎಲ್ರ ಬೆಣೆನೂ ಕಿತ್ತು ಡಬ್ಬಕ್ಕೆ ಹಾಕಿಸಿದಾನೆ ಅತ್ತಿಗೆ. ಬಾಯಿ ಬಿಟ್ಟೋಳು ಗೇಟಿನ ಹೊರಗೆ ಅಂದಿದಾನೆ. ನನ್ನದೂ ಹೋದ್ರೆ ಒಲೆಗೆ ಏನಿಡ್ತೀಯ, ಆ ವಕೀಲನ ಕಾಗದನಾ?"

"ಹಂಗಾದ್ರೆ ನನ್ನ ಕೈ?"

"ನಾನೇನ್ ಅದನ್ನ ತಿಂದ್ನಾ?" ನಾದಿನಿಯ ದನಿ ಒಡೆಯಿತು. "ದಿನಾ ಅದೇ ಸ್ಟೂಲ್ ಮೇಲೆ ಕೂರ್ತೀನಿ. ನಂಗೆ ಹೆದರಿಕೆ ಆಗಲ್ಲ ಅನ್ಕೊಂಡಿದೀಯಾ?"

ಚೂಟಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಈ ಹುಡುಗಿಗೆ ಬೆಣೆ ಹೊಡೆಯುವುದನ್ನು ಕೈಹಿಡಿದು ಕಲಿಸಿದವಳು ತಾನೇ. ಮೊದಲ ವಾರ ಗಂಟೆಗೆ ಎಂಟುನೂರರ ಲೆಕ್ಕ ಮುಟ್ಟದೆ ಅಳುತ್ತಿದ್ದವಳಿಗೆ, ಅಳಬೇಡ ಕಣೆ, ಉಪಾಯ ಇದೆ ಅಂದಿದ್ದಳು.

ಕಾರ್ಖಾನೆ ಮದುವೆ ಮನೆಯಂತೆ ಸಿಂಗರಿಸಿಕೊಂಡಿತ್ತು. ಪ್ರೆಸ್ಸುಗಳಿಗೆ ಹೊಸ ಹಳದಿ ಬಣ್ಣ ಬಳಿದಿದ್ದರು. ಹೆಂಗಸರ ಕೈಗೆ ಹೊಸ ಗ್ಲೌಸು, ಗೋಡೆಯ ಮೇಲೆ 'ಎರಡೂ ಕೈ ಬಟನ್ ಮೇಲಿರಲಿ' ಎಂಬ ಹೊಸ ಬೋರ್ಡು. ಪಕ್ಕದ ಕರಿಹಲಗೆಯನ್ನು ಅಳಿಸುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಅದರ ಮೇಲೆ ಹಿಂದಿನ ದಿನ ಯಾವ ಪ್ರೆಸ್ಸು ಗಂಟೆಗೆ ಎಷ್ಟು ಮುಚ್ಚಳ ಹೊಡೆಯಿತೆಂದು ಮೇಸ್ತ್ರಿಯ ಕೈಬರಹದಲ್ಲಿತ್ತು. ಎಂಟುನೂರಕ್ಕೆ ಕಡಿಮೆ ಒಂದೂ ಇರಲಿಲ್ಲ.

ಒಂಬತ್ತನೇ ಪ್ರೆಸ್ಸಿನ ಮುಂದೆ ನಾದಿನಿ ಕೂತಳು. ತಗಡು ಇಟ್ಟಳು, ಎರಡೂ ಕೈ ಹಿಂದೆ ತಂದು ಎರಡೂ ಬಟನ್ ಒತ್ತಿದಳು. ಅಚ್ಚು ಇಳಿದು ಎದ್ದಿತು. ಮುಚ್ಚಳ ತೆಗೆದಳು.

"ನೋಡಿದ್ರಲ್ಲ ಸಾರ್? ಕೈ ಸಿಗೋಕೆ ದಾರಿನೇ ಇಲ್ಲ" ಅಂದ ವಕೀಲ. ಅಧಿಕಾರಿ ತಲೆಯಾಡಿಸಿ ಪೆನ್ನು ಮುಚ್ಚಲು ಹೊರಟರು. ಆಗ ಚೂಟಿಯ ಕಣ್ಣು ಕರಿಹಲಗೆಯ ಮೇಲೆ ಬಿತ್ತು.

"ಸ್ವಾಮಿ, ಹತ್ತು ನಿಮಿಷ ನಿಂತ್ಕೊಳಿ. ಹೀಗೇ ಹೊಡೀಲಿ. ಎಷ್ಟಾಗುತ್ತೆ ನೋಡಿ, ಆಮೇಲೆ ಆ ಹಲಗೆ ಓದಿ."

"ಏಯ್, ನಡೆಯೇ ಆಚೆ!" ಮೇಸ್ತ್ರಿ ಮುಂದೆ ಬಂದ. ಅಧಿಕಾರಿ ಹಲಗೆಯ ಕಡೆ ನೋಡಿದರು, ಆಮೇಲೆ ವಾಚು ನೋಡಿಕೊಂಡರು. "ಹೊಡೀಲಿ" ಅಂದರು.

ನಾದಿನಿ ಅತ್ತಿಗೆಯ ಮುಖ ನೋಡಲಿಲ್ಲ. ಕೆಲಸ ಕದಿಯಲಿಲ್ಲ, ಬೆವರು ಕಿತ್ತು ಬರುವ ಹಾಗೆ ಹೊಡೆದಳು. ಹತ್ತು ನಿಮಿಷಕ್ಕೆ ಅರವತ್ತೆರಡು ಮುಚ್ಚಳ. ಗಂಟೆಗೆ ನಾನೂರೂ ಮುಟ್ಟದು.

"ಬೇಕಂತ ಎಳೀತಿದಾಳೆ ಸಾರ್, ಕಳ್ಳ ಲೌಡಿ!" ಮೇಸ್ತ್ರಿಯ ಬಾಯಿಂದ ಉಗುಳು ಹಾರಿತು. "ನಿನ್ನೆ ಎಂಟುನೂರ ಮೂವತ್ತು ಹೊಡ್ದಿದ್ಯಲ್ಲೇ, ಇವತ್ತೇನ್ ಕೈಗೆ ಲಕ್ವ ಹೊಡೀತಾ?"

"ನಿನ್ನೆ ಹೇಗೆ ಹೊಡೆದೆಯಮ್ಮ?" ಅಧಿಕಾರಿ ಕೇಳಿದರು.

ಬೇರೆ ಪ್ರೆಸ್ಸುಗಳು ಒಂದೊಂದಾಗಿ ನಿಂತವು. ನಾದಿನಿ ಎದ್ದು ಹೋಗಿ ಮೇಸ್ತ್ರಿಯ ಮೇಜಿನ ಡ್ರಾಯರ್ ಎಳೆದು, ತಗಡಿನ ಡಬ್ಬವೊಂದನ್ನು ತಂದು ಅಧಿಕಾರಿಯ ಕಾಲ ಬಳಿ ಬೋರಲು ಹಾಕಿದಳು. ಇಪ್ಪತ್ತೋ ಇಪ್ಪತ್ತೈದೋ ಮರದ ಬೆಣೆಗಳು. ಪ್ರತಿಯೊಂದರ ಮೇಲೂ ಕೆಂಪು ಬಣ್ಣದಲ್ಲಿ ಪ್ರೆಸ್ಸಿನ ನಂಬರು, ಹಲಗೆಯ ಮೇಲಿದ್ದ ಅದೇ ಕೈಬರಹ. ಒಂಬತ್ತನ್ನು ಹುಡುಕಿ ತೆಗೆದುಕೊಂಡಳು. ಗ್ಲೌಸು ಬಿಚ್ಚಿ ಎಸೆದಳು. ಬೆಣೆಯನ್ನು ಎಡಗಡೆ ಬಟನ್ನಿಗೆ ಸಿಕ್ಕಿಸಿ ಸುತ್ತಿಗೆಯಿಂದ ಒಂದೇಟು ಹೊಡೆದು ಕೂತಳು.

ಪ್ರೆಸ್ಸು ಈಗ ಬೇರೆಯೇ ಸದ್ದು ಮಾಡಿತು. ಬಲಗೈ ಒತ್ತುತ್ತಿತ್ತು, ಎಡಗೈ ಅಚ್ಚಿನ ಬಾಯೊಳಗೆ ಹೋಗಿ ಬರುತ್ತಿತ್ತು, ಹೋಗಿ ಬರುತ್ತಿತ್ತು. ಬೆರಳಿಗೂ ಕಬ್ಬಿಣಕ್ಕೂ ನಡುವೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು.

"ಸಾಕು! ನಿಲ್ಸು, ಗೊತ್ತಾಯ್ತು!" ಅಧಿಕಾರಿ ಕೂಗಿದರು.

"ಕೂಗ್ಬೇಡಿ!" ಚೂಟಿ ಉಸಿರು ಬಿಗಿಹಿಡಿದು ಪಿಸುಗುಟ್ಟಿದಳು. "ದಮ್ಮಯ್ಯ, ಯಾರೂ ಕೂಗ್ಬೇಡಿ, ಮುಟ್ಬೇಡಿ." ಬೆಣೆ ಹೊಡೆದ ಪ್ರೆಸ್ಸಿನ ಮೇಲಿರುವವಳನ್ನು ಕರೆಯಬಾರದು. ಮೇಸ್ತ್ರಿ ಹಿಂದಿನಿಂದ ಬೈದಾಗ ಅರೆಗಳಿಗೆ ತಲೆ ತಿರುಗಿಸಿಯೇ ಚೂಟಿ ಕೈ ಕಳೆದುಕೊಂಡದ್ದು. ಹುಡುಗಿಯನ್ನು ಎಳೆದು ತಬ್ಬಿಕೊಳ್ಳಬೇಕೆನಿಸಿತು ಅವಳಿಗೆ. ಕಾಲು ನೆಲಕ್ಕೆ ನೆಟ್ಟು ನಿಂತಳು.

"ಹತ್ತು ನಿಮಿಷ ಅಂದಿದ್ರಿ" ಅಂದಳು ನಾದಿನಿ, ಅಚ್ಚಿನಿಂದ ಕಣ್ಣು ತೆಗೆಯದೆ. "ಎಣಿಸ್ಕೊಳಿ."

ವಕೀಲ ಕರ್ಚೀಫು ತೆಗೆದು ಗೋಡೆಯ ಕಡೆ ಮುಖ ತಿರುಗಿಸಿದ. ಚೂಟಿ ಸೆರಗಿನಿಂದ ಮೊಂಡುಗೈ ಹೊರತೆಗೆದು ಅವನ ಭುಜದ ಮೇಲಿಟ್ಟು, ಮೆಲ್ಲಗೆ ಅವನನ್ನು ಪ್ರೆಸ್ಸಿನ ಕಡೆಗೆ ತಿರುಗಿಸಿದಳು.

"ನೋಡಿ ಸ್ವಾಮಿ. ಇನ್ನೂ ಏಳು ನಿಮಿಷ ಇದೆ."